ಶ್ರುತಿ: ಸ್ವರಗಳ ನಡುವಿನ ಸೂಕ್ಷ್ಮ ಅಂತರ ಮತ್ತು ಕಿವಿಯ ಮಿತಿ

ಷಡ್ಜದಿಂದ ಮೇಲಿನ ಷಡ್ಜದವರೆಗಿನ ಹರವನ್ನು ಸಂಗೀತದಲ್ಲಿ ಸ್ಥಾಯಿ ಎನ್ನುತ್ತಾರೆ. ಈ ಸ್ಥಾಯಿಯಲ್ಲಿ ಏಳು ಸ್ವರಗಳಿವೆ. ಅವುಗಳ ಕೋಮಲ, ತೀವ್ರ ಭೇದಗಳನ್ನು ಸೇರಿಸಿದರೆ ಹನ್ನೆರಡು ಸ್ವರಸ್ಥಾನಗಳಾಗುತ್ತವೆ. ಇದಕ್ಕಿಂತ ಸೂಕ್ಷ್ಮವಾದ ವಿಭಾಗವೇ ಶ್ರುತಿ. ಒಂದು ಸ್ಥಾಯಿಯಲ್ಲಿ 22 ಶ್ರುತಿಗಳೆಂಬ ಎಣಿಕೆ ಭರತನ ನಾಟ್ಯಶಾಸ್ತ್ರದಿಂದ ಇಂದಿನ ಸಂಗೀತ ಪಠ್ಯಗಳವರೆಗೂ ಬಂದಿದೆ.

ಇಷ್ಟು ಸಣ್ಣ ಅಂತರಗಳು ನಿಜಕ್ಕೂ ಕೇಳಿಸುತ್ತವೆಯೇ, ಕೇಳಿಸಿದರೆ ಯಾರಿಗೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಪಾಠಶಾಲೆಯಲ್ಲಿ ಅಥವಾ ಬಸದಿಯ ಭಜನೆಯಲ್ಲಿ ಸ್ವರ ತಪ್ಪಿದ ಮಗುವಿಗೆ ‘ನಿನಗೆ ಶ್ರುತಿಜ್ಞಾನವಿಲ್ಲ’ ಎಂದು ಹೇಳಿ ಹಾಡುವುದನ್ನೇ ಬಿಡಿಸುವ ರೂಢಿ ಇರುವುದರಿಂದ, ಮನೆಮಂದಿಗೂ ಇದು ತಿಳಿದಿರಬೇಕಾದ ವಿಷಯ.

ಪದದ ಅರ್ಥ

‘ಶ್ರು’ ಎಂದರೆ ಕೇಳು. ಕೇಳಿಸುವುದು ಶ್ರುತಿ. ಜೈನರಿಗೆ ಪರಿಚಿತವಾದ ಶ್ರುತ, ಶ್ರುತಜ್ಞಾನ, ಶ್ರುತಪಂಚಮಿ ಎಂಬ ಪದಗಳು ಹುಟ್ಟಿರುವುದೂ ಇದೇ ಧಾತುವಿನಿಂದ.

ಸಂಗೀತದಲ್ಲಿ ಈ ಪದಕ್ಕೆ ಎರಡು ಬಳಕೆಗಳಿವೆ. ‘ಐದು ಮನೆ ಶ್ರುತಿ’, ‘ತಂಬೂರಿಯನ್ನು ಶ್ರುತಿ ಮಾಡು’ ಎನ್ನುವಾಗ ಅದು ಹಾಡುವವರು ಆಧಾರವಾಗಿ ಹಿಡಿದ ಷಡ್ಜ. ‘22 ಶ್ರುತಿಗಳು’ ಎನ್ನುವಾಗ ಸ್ವರಗಳ ನಡುವಿನ ಸೂಕ್ಷ್ಮ ಅಂತರ. ಇಲ್ಲಿ ಮುಖ್ಯವಾಗಿ ಎರಡನೆಯದರ ವಿಚಾರವಿದೆ. ಮೊದಲನೆಯದು ಸರಿಯಿಲ್ಲದೆ ಎರಡನೆಯದನ್ನು ಕೇಳಲಾಗುವುದಿಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಜೈನ ಸಾಹಿತ್ಯದಲ್ಲಿ ಸ್ವರವಿಚಾರ

ಶ್ವೇತಾಂಬರ ಆಗಮಗಳಾದ ಸ್ಥಾನಾಂಗ ಮತ್ತು ಅನುಯೋಗದ್ವಾರ ಸೂತ್ರಗಳಲ್ಲಿ ಏಳು ಸ್ವರಗಳ ವಿವರಣೆ ಇದೆ. ಸ್ಥಾನಾಂಗವು ವಿಷಯಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ ಗ್ರಂಥ. ಅದರ ಏಳನೆಯ ಸ್ಥಾನದಲ್ಲಿ ಸ್ವರಗಳ ಪ್ರಸ್ತಾಪ ಬರುತ್ತದೆ. ನವಿಲಿನ ಕೂಗು ಷಡ್ಜ, ಕೋಳಿಯದು ಋಷಭ, ಹಂಸದ್ದು ಗಾಂಧಾರ, ಕೋಗಿಲೆಯದು ಪಂಚಮ, ಆನೆಯದು ನಿಷಾದ ಎಂಬ ಹೋಲಿಕೆಗಳೂ, ಮೂರು ಗ್ರಾಮ ಮತ್ತು ಇಪ್ಪತ್ತೊಂದು ಮೂರ್ಛನೆಗಳ ಎಣಿಕೆಯೂ ಅಲ್ಲಿವೆ.

ಸಂಗೀತಕ್ಕೇ ಮೀಸಲಾದ ಲಕ್ಷಣಗ್ರಂಥಗಳನ್ನು ಬರೆದ ಜೈನರೂ ಇದ್ದಾರೆ. ದಿಗಂಬರ ಆಚಾರ್ಯ ಪಾರ್ಶ್ವದೇವರ ‘ಸಂಗೀತಸಮಯಸಾರ’ ದೇಶೀ ಸಂಗೀತದ ಅಧ್ಯಯನಕ್ಕೆ ಮುಖ್ಯ ಆಕರ. ಶ್ವೇತಾಂಬರ ಪಂಡಿತ ಸುಧಾಕಲಶರು 1350ರಲ್ಲಿ ‘ಸಂಗೀತೋಪನಿಷತ್ಸಾರೋದ್ಧಾರ’ವನ್ನು ರಚಿಸಿದರು.

ತತ್ತ್ವಾರ್ಥಸೂತ್ರದ ವ್ಯಾಖ್ಯಾನಗಳಲ್ಲಿ ಶಬ್ದವನ್ನು ಪುದ್ಗಲದ ಪರ್ಯಾಯವೆಂದು ವಿವರಿಸುವಲ್ಲಿ ವಾದ್ಯಗಳ ವರ್ಗೀಕರಣವೂ ಬಂದಿದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ತತ, ವಿತತ, ಘನ, ಸೌಷಿರ ಎಂಬ ನಾಲ್ಕು ಬಗೆಯ ವಾದ್ಯಧ್ವನಿಗಳನ್ನು ಹೆಸರಿಸಲಾಗಿದೆ. ಕೇಳುವಿಕೆಯ ಬಗೆಗಿನ ಅವರ ವಿಚಾರವನ್ನು ಮುಂದೆ ನೋಡಬಹುದು.

ಭರತನ ಎರಡು ವೀಣೆಗಳು

ನಾಟ್ಯಶಾಸ್ತ್ರದ 28ನೇ ಅಧ್ಯಾಯದಲ್ಲಿ ಷಡ್ಜಗ್ರಾಮದ ಏಳು ಸ್ವರಗಳಿಗೆ ಶ್ರುತಿಗಳನ್ನು ಹೀಗೆ ಹಂಚಲಾಗಿದೆ:

ಷಡ್ಜ – 4
ಋಷಭ – 3
ಗಾಂಧಾರ – 2
ಮಧ್ಯಮ – 4
ಪಂಚಮ – 4
ಧೈವತ – 3
ನಿಷಾದ – 2
ಒಟ್ಟು – 22

ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಎರಡು ಸ್ವರಗಳು ಪರಸ್ಪರ ಸಂವಾದಿಗಳು. ಅವನ್ನು ಒಟ್ಟಿಗೆ ನುಡಿಸಿದರೆ ಒಂದರಲ್ಲಿ ಇನ್ನೊಂದು ಬೆರೆತಂತೆ ಕೇಳುತ್ತದೆ. ಷಡ್ಜ–ಮಧ್ಯಮ ಒಂಬತ್ತು ಶ್ರುತಿಗಳ ಅಂತರದ ಜೋಡಿ, ಷಡ್ಜ–ಪಂಚಮ ಹದಿಮೂರರದು.

ಷಡ್ಜಗ್ರಾಮದಲ್ಲಿ ಋಷಭದಿಂದ ಪಂಚಮಕ್ಕೆ ಹತ್ತು ಶ್ರುತಿಗಳಾಗುವುದರಿಂದ ಆ ಎರಡು ಸ್ವರಗಳು ಕೂಡುವುದಿಲ್ಲ. ಪಂಚಮವನ್ನು ಒಂದು ಶ್ರುತಿಯಷ್ಟು ಇಳಿಸಿದರೆ ಅಂತರ ಒಂಬತ್ತಾಗಿ ಋಷಭದೊಂದಿಗೆ ಸಂವಾದ ಸಿಗುತ್ತದೆ. ಆದರೆ ಷಡ್ಜದೊಂದಿಗಿನ ಸಂವಾದ ತಪ್ಪುತ್ತದೆ. ಹೀಗೆ ಇಳಿಸಿದ ಪಂಚಮವಿರುವುದು ಮಧ್ಯಮಗ್ರಾಮ. ಈ ಎರಡು ಪಂಚಮಗಳ ನಡುವಿನ ವ್ಯತ್ಯಾಸವನ್ನು ಭರತ ಪ್ರಮಾಣಶ್ರುತಿ ಎಂದು ಕರೆದ.

ಆ ಕಾಲದಲ್ಲಿ ಕಂಪನಗಳನ್ನು ಎಣಿಸುವ ಸಾಧನಗಳಿರಲಿಲ್ಲ. ಅಂಥಲ್ಲಿ ಅತಿ ಸಣ್ಣ ಅಂತರವನ್ನು ಅಳೆಯಲು ಭರತ ಬಳಸಿದ್ದು ಸಂವಾದವನ್ನು. ಪಂಚಮವನ್ನು ಒಮ್ಮೆ ಷಡ್ಜಕ್ಕೆ, ಇನ್ನೊಮ್ಮೆ ಋಷಭಕ್ಕೆ ಹೊಂದಿಸಬೇಕು. ಎರಡೂ ಸಲ ಕಿವಿಗೆ ಬೇಕಾಗುವುದು ಕೂಡುತ್ತದೆಯೋ ಇಲ್ಲವೋ ಎಂಬ ತೀರ್ಮಾನ ಮಾತ್ರ. ಸೂಕ್ಷ್ಮ ಅಂತರ ತಾನಾಗಿ ದೊರೆಯುತ್ತದೆ.

ಇದರ ಮುಂದುವರಿಕೆಯೇ ಚತುಃಸಾರಣೆ. ಒಂದೇ ಬಗೆಯ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಾಗೆಯೇ ಬಿಡಬೇಕು. ಅದು ಧ್ರುವವೀಣೆ. ಇನ್ನೊಂದರ ಎಲ್ಲ ಸ್ವರಗಳನ್ನು ಹಂತಹಂತವಾಗಿ ಇಳಿಸುತ್ತ ಹೋಗಬೇಕು. ಅದು ಚಲವೀಣೆ. ಮೊದಲ ಹಂತದಲ್ಲಿ ಎಲ್ಲವೂ ಒಂದು ಶ್ರುತಿ ಇಳಿಯುತ್ತವೆ. ಎರಡನೆಯದರಲ್ಲಿ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ಋಷಭ, ಧೈವತಗಳಲ್ಲಿ ಸೇರುತ್ತವೆ. ಮೂರನೆಯದರಲ್ಲಿ ಋಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ ಸೇರುತ್ತವೆ. ನಾಲ್ಕನೆಯದರಲ್ಲಿ ಷಡ್ಜ, ಮಧ್ಯಮ, ಪಂಚಮಗಳು ಕ್ರಮವಾಗಿ ನಿಷಾದ, ಗಾಂಧಾರ, ಮಧ್ಯಮಗಳಲ್ಲಿ ಸೇರುತ್ತವೆ. ಎರಡು ಶ್ರುತಿಗಳ ಸ್ವರಗಳು ಎರಡು, ಮೂರು ಶ್ರುತಿಗಳವು ಎರಡು, ನಾಲ್ಕರವು ಮೂರು. 4+6+12 ಕೂಡಿಸಿದರೆ 22.

22 ಶ್ರುತಿಗಳ ಹೆಸರುಗಳು

ಸಂಗೀತರತ್ನಾಕರದ ಕ್ರಮದಲ್ಲಿ ಶ್ರುತಿಗಳ ಹೆಸರುಗಳು ಹೀಗಿವೆ:

ಷಡ್ಜ: ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ
ಋಷಭ: ದಯಾವತೀ, ರಂಜನೀ, ರಕ್ತಿಕಾ
ಗಾಂಧಾರ: ರೌದ್ರೀ, ಕ್ರೋಧಾ
ಮಧ್ಯಮ: ವಜ್ರಿಕಾ, ಪ್ರಸಾರಿಣೀ, ಪ್ರೀತಿ, ಮಾರ್ಜನೀ
ಪಂಚಮ: ಕ್ಷಿತಿ, ರಕ್ತಾ, ಸಂದೀಪನೀ, ಆಲಾಪಿನೀ
ಧೈವತ: ಮದಂತೀ, ರೋಹಿಣೀ, ರಮ್ಯಾ
ನಿಷಾದ: ಉಗ್ರಾ, ಕ್ಷೋಭಿಣೀ

ಸ್ವರವು ತನ್ನ ಪಾಲಿನ ಕೊನೆಯ ಶ್ರುತಿಯ ಮೇಲೆ ನಿಲ್ಲುತ್ತದೆ. ಉದಾಹರಣೆಗೆ ಷಡ್ಜದ ಸ್ಥಾನ ಛಂದೋವತೀ.

22 ಎಂಬುದರ ಬಗ್ಗೆ ಹಳೆಯ ಭಿನ್ನಾಭಿಪ್ರಾಯ

ಮತಂಗನ ಬೃಹದ್ದೇಶಿಯಲ್ಲಿ ಶ್ರುತಿಗಳ ಸಂಖ್ಯೆಯ ಬಗ್ಗೆ ಹಲವು ಮತಗಳ ಉಲ್ಲೇಖವಿದೆ. ಶ್ರುತಿ ಒಂದೇ ಎಂದವರು, 22 ಎಂದವರು, 66 ಎಂದವರು, ಅನಂತ ಎಂದವರು ಎಲ್ಲರೂ ಇದ್ದರು. ನಾದವು ಎಲ್ಲಿಯೂ ಕಡಿಯದೆ ಏರುವಂಥದ್ದು. ಅದನ್ನು ಎಷ್ಟು ಬೇಕಾದರೂ ಭಾಗಿಸಬಹುದು ಎಂಬುದು ‘ಅನಂತ’ ಎಂದವರ ನೋಟ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ 22 ತಂತಿಗಳ ವೀಣೆಯನ್ನು ವಿವರಿಸಿದ. ಮೊದಲ ತಂತಿಯನ್ನು ಆದಷ್ಟು ಕೆಳಗಿನ ನಾದಕ್ಕೆ ಕೂಡಿಸಬೇಕು. ಮುಂದಿನ ಪ್ರತಿ ತಂತಿಯನ್ನೂ ಸ್ವಲ್ಪವೇ ಮೇಲಕ್ಕೆ, ಎರಡರ ನಡುವೆ ಬೇರೊಂದು ನಾದ ಕೇಳಿಸದಂತೆ ಕೂಡಿಸಬೇಕು. ಇದನ್ನು ಅಕ್ಷರಶಃ ತೆಗೆದುಕೊಂಡರೆ ಶ್ರುತಿಯೆಂದರೆ ಕಿವಿ ಬೇರ್ಪಡಿಸಬಲ್ಲ ಅತಿ ಸಣ್ಣ ಅಂತರ ಎಂದಾಗುತ್ತದೆ. ಭರತನ ದಾರಿ ಬೇರೆ. ಅವನಲ್ಲಿ ಶ್ರುತಿ ಸಂವಾದದಿಂದ ಹುಟ್ಟಿದ ಅಂತರ. ಇವೆರಡರಲ್ಲಿ ಯಾವುದು ಸರಿ ಹೊಂದುತ್ತದೆ ಎಂಬುದನ್ನು ಇಂದು ಅಳತೆಯಿಂದ ನೋಡಬಹುದು.

ಇಂದಿನ ಅಳತೆ: ಸೆಂಟ್

ನಾದದ ಎತ್ತರ ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಅವಲಂಬಿಸಿದೆ. ಇದರ ಮಾನ ಹರ್ಟ್ಸ್. ಆದರೆ ಕಿವಿ ಕಂಪನಗಳ ವ್ಯತ್ಯಾಸವನ್ನಲ್ಲ, ಅನುಪಾತವನ್ನು ಗಮನಿಸುತ್ತದೆ. ಷಡ್ಜ 240 ಹರ್ಟ್ಸ್ ಇದ್ದರೆ ಮೇಲಿನ ಷಡ್ಜ 480; 120ರಿಂದ 240ಕ್ಕೂ ಅದೇ ಒಂದು ಸ್ಥಾಯಿ. ಹಾಗಾಗಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1880ರ ದಶಕದಲ್ಲಿ ಸೆಂಟ್ ಎಂಬ ಮಾನವನ್ನು ಬಳಕೆಗೆ ತಂದರು. ಒಂದು ಸ್ಥಾಯಿಗೆ 1200 ಸೆಂಟ್. ಕೀಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ 100 ಸೆಂಟ್.

ಷಡ್ಜವನ್ನು 240 ಹರ್ಟ್ಸ್ ಎಂದಿಟ್ಟುಕೊಂಡರೆ:

ಶುದ್ಧ ಸಂವಾದದ ಮಧ್ಯಮ (4:3) – 320 ಹರ್ಟ್ಸ್, 498 ಸೆಂಟ್
ಶುದ್ಧ ಸಂವಾದದ ಪಂಚಮ (3:2) – 360 ಹರ್ಟ್ಸ್, 702 ಸೆಂಟ್
ಅಂತರ ಗಾಂಧಾರ (5:4) – 300 ಹರ್ಟ್ಸ್, 386 ಸೆಂಟ್
ಪಂಚಮಗಳ ಸರಣಿಯಿಂದ ಬಂದ ಗಾಂಧಾರ (81:64) – 303.75 ಹರ್ಟ್ಸ್, 408 ಸೆಂಟ್
ಕೀಬೋರ್ಡಿನ ಗಾಂಧಾರ – ಸುಮಾರು 302.4 ಹರ್ಟ್ಸ್, 400 ಸೆಂಟ್

ಭರತ ಅನುಪಾತಗಳನ್ನು ಕೊಟ್ಟಿಲ್ಲ; ಇವು ಆಧುನಿಕ ವಿದ್ವಾಂಸರು ಮಾಡಿದ ಲೆಕ್ಕ. ಈ ಲೆಕ್ಕದಂತೆ ಮೂರು ಶ್ರುತಿಗಳ ಋಷಭದ ಅನುಪಾತ 10:9, ಅಂದರೆ 266.67 ಹರ್ಟ್ಸ್. ಅದಕ್ಕೆ ಸಂವಾದಿಯಾದ ಪಂಚಮ 355.56. ಷಡ್ಜಕ್ಕೆ ಸಂವಾದಿಯಾದ ಪಂಚಮ 360. ಎರಡರ ಅನುಪಾತ 81:80, ಅಂದರೆ 21.5 ಸೆಂಟ್. ಇದೇ ಪ್ರಮಾಣಶ್ರುತಿ.

22 ಶ್ರುತಿಗಳು ಸಮಾನವಾಗಿದ್ದರೆ ಪ್ರತಿಯೊಂದೂ ಸುಮಾರು 54.5 ಸೆಂಟ್ ಆಗಬೇಕಿತ್ತು. ಅನುಪಾತದ ಲೆಕ್ಕ ಹಿಡಿದವರ ಪ್ರಕಾರ ಅವು ಸಮಾನವಲ್ಲ, ಮೂರು ಗಾತ್ರದವು: ಸುಮಾರು 90 ಸೆಂಟಿನ ಪೂರ್ಣಶ್ರುತಿಗಳು 7, ಸುಮಾರು 71 ಸೆಂಟಿನ ನ್ಯೂನಶ್ರುತಿಗಳು 5, ಸುಮಾರು 21.5 ಸೆಂಟಿನ ಪ್ರಮಾಣಶ್ರುತಿಗಳು 10. ಇವನ್ನು ಕೂಡಿಸಿದರೆ 1200 ಸೆಂಟ್. ಕೆ. ಬಿ. ದೇವಲ್ 1910ರಲ್ಲಿ, ಇ. ಕ್ಲೆಮೆಂಟ್ಸ್ 1913ರಲ್ಲಿ ಪ್ರಕಟಿಸಿದ ಪುಸ್ತಕಗಳಿಂದ ಇಂಥ ಲೆಕ್ಕಾಚಾರ ವ್ಯಾಪಕ ಚರ್ಚೆಗೆ ಬಂತು. 22 ಶ್ರುತಿಗಳನ್ನು ನುಡಿಸುವ ವಿಶೇಷ ಹಾರ್ಮೋನಿಯಂ ಕೂಡ ಆಗ ತಯಾರಾಯಿತು.

ಕಿವಿ ಎಷ್ಟು ಸೂಕ್ಷ್ಮ?

ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ಪೊರೆಯ ಉದ್ದ ಸುಮಾರು 35 ಮಿಲಿಮೀಟರ್. ತಾರ ನಾದಕ್ಕೆ ಪೊರೆಯ ಒಂದು ತುದಿ, ಮಂದ್ರ ನಾದಕ್ಕೆ ಇನ್ನೊಂದು ತುದಿ ಹೆಚ್ಚು ಕಂಪಿಸುತ್ತದೆ. ಈ ಕಂಪನವನ್ನು ನರಗಳಿಗೆ ಮುಟ್ಟಿಸುವ ಒಳಸಾಲಿನ ರೋಮಕೋಶಗಳು ಪ್ರತಿ ಕಿವಿಯಲ್ಲಿ ಸುಮಾರು 3,500. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ.

ಒಂದಾದ ಮೇಲೊಂದು ಎರಡು ನಾದಗಳನ್ನು ಕೇಳಿಸಿ ‘ಯಾವುದು ಮೇಲೆ?’ ಎಂದು ಕೇಳುವ ಪ್ರಯೋಗಗಳಲ್ಲಿ, ತರಬೇತಿಯಾದ ಕಿವಿ 1000 ಹರ್ಟ್ಸ್ ಆಸುಪಾಸಿನಲ್ಲಿ 2ರಿಂದ 3 ಹರ್ಟ್ಸ್ ವ್ಯತ್ಯಾಸವನ್ನು ಗುರುತಿಸುತ್ತದೆ. ಇದು ಸುಮಾರು 3.5ರಿಂದ 5 ಸೆಂಟ್. ಅಂದರೆ ಪ್ರಮಾಣಶ್ರುತಿಯ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಲೆಕ್ಕದಲ್ಲಿ, ಐದೈದು ಸೆಂಟಿನಂತೆ ಒಂದು ಸ್ಥಾಯಿಯಲ್ಲಿ 240 ಮೆಟ್ಟಿಲುಗಳಾಗುತ್ತವೆ. ಹಾಗಾಗಿ 22 ಎಂಬುದು ಕಿವಿಯ ಕೊನೆಯ ಮಿತಿ ಅಲ್ಲ. ಶಾರ್ಙ್ಗದೇವನ ಮಾತನ್ನು ಅಕ್ಷರಶಃ ಹಿಡಿದರೆ 22 ತಂತಿಗಳು ಸಾಲುವುದಿಲ್ಲ. ಭರತನ ಸಂವಾದದ ದಾರಿಗೆ 22 ಹೊಂದುತ್ತದೆ.

ಆದರೆ ಈ ಸೂಕ್ಷ್ಮತೆ ಎಲ್ಲ ಸಂದರ್ಭದಲ್ಲೂ ಇರುವುದಿಲ್ಲ. ನಾದ ಕ್ಷಣಕಾಲ ಮಾತ್ರ ಕೇಳಿಸಿದರೆ ಅದರ ಎತ್ತರ ಮಸುಕಾಗುತ್ತದೆ. ಅತಿ ಮೆಲ್ಲಗಿನ ನಾದದಲ್ಲೂ ಹಾಗೆಯೇ. ಸುಮಾರು 4000–5000 ಹರ್ಟ್ಸ್ ದಾಟಿದ ಮೇಲೆ ನಾದ ಕೇಳಿಸಿದರೂ ಸ್ವರವಾಗಿ ಹಿಡಿಯುವುದು ಕಷ್ಟ.

ಒಟ್ಟಿಗೆ ಕೇಳಿದಾಗ: ತಂಬೂರಿಯ ಪಾಠ

ಎರಡು ನಾದಗಳು ಒಂದೇ ಸಲಕ್ಕೆ ಕೇಳಿದಾಗ ಇನ್ನೂ ಸಣ್ಣ ಅಂತರವೂ ಬಯಲಾಗುತ್ತದೆ. 240 ಮತ್ತು 241 ಹರ್ಟ್ಸಿನ ಎರಡು ತಂತಿಗಳನ್ನು ಕೂಡಿ ಮೀಟಿದರೆ ನಾದ ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತದೆ. ಇದನ್ನು ಬೀಟ್ ಎನ್ನುತ್ತಾರೆ. ತಂತಿ ಕೂಡುತ್ತ ಬಂದಂತೆ ಅಲುಗಾಟ ನಿಧಾನವಾಗುತ್ತದೆ. ಹತ್ತು ಸೆಕೆಂಡಿಗೆ ಒಂದೇ ಸಲ ಅಲುಗಿದರೆ ಉಳಿದಿರುವ ವ್ಯತ್ಯಾಸ 0.1 ಹರ್ಟ್ಸ್, ಅಂದರೆ ಒಂದು ಸೆಂಟಿಗಿಂತ ಕಡಿಮೆ. ಬೇರೆಬೇರೆಯಾಗಿ ಕೇಳಿದರೆ ಯಾವ ಕಿವಿಯೂ ಹಿಡಿಯದ ಅಂತರವಿದು. ತಂಬೂರಿಯ ನಡುವಿನ ಎರಡು ತಂತಿಗಳಾದ ಸಾರಣಿ, ಅನುಸಾರಣಿಗಳನ್ನು ಕೂಡಿಸುವವರು ಗಮನಿಸುವುದು ಈ ಅಲುಗಾಟವನ್ನೇ. ಭರತನ ಎರಡು ವೀಣೆಗಳ ಉಪಾಯವೂ ಕಿವಿಯ ಇದೇ ಶಕ್ತಿಯನ್ನು ನೆಚ್ಚಿಕೊಂಡದ್ದು.

ತಂಬೂರಿಯ ಒಂದು ತಂತಿಯಿಂದ ಒಂದೇ ಸ್ವರ ಬರುವುದಿಲ್ಲ; ಅದರ ಎರಡು, ಮೂರು, ನಾಲ್ಕು, ಐದು ಪಟ್ಟು ಕಂಪನದ ಉಪನಾದಗಳೂ ಬರುತ್ತವೆ. ಅಗಲವಾದ, ಬಾಗಿದ ಕುದುರೆ ಮತ್ತು ಅದರ ಮೇಲೆ ತಂತಿಯ ಕೆಳಗೆ ಇಡುವ ನೂಲು ಈ ಉಪನಾದಗಳನ್ನು ಬಲಪಡಿಸುತ್ತವೆ. ಸರ್ ಸಿ. ವಿ. ರಾಮನ್ ತಂಬೂರಿ ಮತ್ತು ವೀಣೆಗಳ ಈ ಗುಣವನ್ನು 1921ರ ಪ್ರಬಂಧದಲ್ಲಿ ವಿವರಿಸಿದರು.

ಮಂದ್ರ ಷಡ್ಜ 120 ಹರ್ಟ್ಸ್ ಇದ್ದರೆ ಅದರ ಐದನೆಯ ಉಪನಾದ 600. ಅದು 300 ಹರ್ಟ್ಸಿನ ಅಂತರ ಗಾಂಧಾರಕ್ಕೆ ಸರಿಯಾಗಿ ಎರಡು ಪಟ್ಟು. ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಇದರಿಂದಲೇ. ಅದರ ಜೊತೆ ಕೀಬೋರ್ಡಿನ 302.4 ಹರ್ಟ್ಸಿನ ಗಾಂಧಾರವನ್ನು ಒತ್ತಿ ಹಿಡಿದರೆ ಸೆಕೆಂಡಿಗೆ ಸುಮಾರು ಐದು ಸಲ ಅಲುಗಾಟ ಕೇಳುತ್ತದೆ. 14 ಸೆಂಟಿನ ಈ ವ್ಯತ್ಯಾಸ ಕೀಬೋರ್ಡನ್ನು ಒಂದೇ ನುಡಿಸುವಾಗ ಗಮನಕ್ಕೆ ಬಾರದೆ ಹೋಗಬಹುದು. ತಂಬೂರಿಯ ಮುಂದೆ ಅಡಗುವುದಿಲ್ಲ.

ಕೇಳುವುದು ಬೇರೆ, ನೆನಪಿನಲ್ಲಿ ಹಿಡಿಯುವುದು ಬೇರೆ

ಕಿವಿ 5 ಸೆಂಟನ್ನು ಗುರುತಿಸುತ್ತದೆ ಎಂದ ಮಾತ್ರಕ್ಕೆ ಮನಸ್ಸು 240 ಸ್ವರಗಳನ್ನು ಬೇರೆಬೇರೆಯಾಗಿ ನೆನಪಿಡುವುದಿಲ್ಲ. ಬರ್ನ್ಸ್ ಮತ್ತು ವಾರ್ಡ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಂಗೀತಗಾರರು ಸ್ವರಾಂತರಗಳನ್ನು ತಾವು ಕಲಿತ ವರ್ಗಗಳಲ್ಲಿ ಸೇರಿಸಿ ಕೇಳುತ್ತಾರೆ. ಸ್ವಲ್ಪ ಏರಿದ್ದರೂ ಇಳಿದಿದ್ದರೂ ಅದು ‘ಗಾಂಧಾರ’ವೇ. ಎರಡು ವರ್ಗಗಳ ಗಡಿಯಲ್ಲಿ ಮಾತ್ರ ವ್ಯತ್ಯಾಸ ಥಟ್ಟನೆ ಎದ್ದು ಕಾಣುತ್ತದೆ.

ಸಂಗೀತದ ಇತಿಹಾಸವೂ ಇದಕ್ಕೆ ಹೊಂದುವಂತೆ ಸಾಗಿದೆ. ವಿಜಯನಗರದ ರಾಮಾಮಾತ್ಯ 1550ರ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಗಳನ್ನು ಕೂರಿಸುವ ಕ್ರಮವನ್ನು ವಿವರಿಸಿದ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಹನ್ನೆರಡು ಸ್ವರಸ್ಥಾನಗಳ ಆಧಾರದ ಮೇಲೆ 72 ಮೇಳಗಳನ್ನು ರೂಪಿಸಿದ. ಇಂದಿನ ಸರಸ್ವತಿ ವೀಣೆಯಲ್ಲಿ ಎರಡು ಸ್ಥಾಯಿಗಳಿಗೆ 24 ಮೆಟ್ಟಿಲುಗಳು. ರಾಗಗಳ ವರ್ಗೀಕರಣಕ್ಕೆ ಹನ್ನೆರಡು ಸಾಕಾಯಿತು. ಸೂಕ್ಷ್ಮ ಅಂತರಗಳು ಮೆಟ್ಟಿಲಿನಿಂದ ಗಮಕಕ್ಕೆ, ತಂತಿಯನ್ನು ಎಳೆಯುವ ಬೆರಳಿಗೆ ಮತ್ತು ಕಂಠಕ್ಕೆ ಸೇರಿದವು.

ಅವಗ್ರಹದಿಂದ ಧಾರಣೆಯವರೆಗೆ

ಕೇಳುವಿಕೆಗೆ ಹಂತಗಳಿವೆ ಎಂಬುದನ್ನು ಜೈನ ಜ್ಞಾನಮೀಮಾಂಸೆ ವಿವರವಾಗಿ ಹೇಳಿದೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಮತಿಜ್ಞಾನದ ನಾಲ್ಕು ಭೇದಗಳಿವೆ: ಅವಗ್ರಹ, ಈಹಾ, ಅವಾಯ, ಧಾರಣಾ. ಸ್ವರದ ಉದಾಹರಣೆಯಲ್ಲಿ ಹೀಗೆ ಹೇಳಬಹುದು. ಒಂದು ನಾದ ಕೇಳಿಸಿತು ಎಂಬ ಮೊದಲ ಗ್ರಹಣ ಅವಗ್ರಹ. ಇದು ಗಾಂಧಾರವಿರಬಹುದೇ ಎಂದು ತಿಳಿಯಲು ಹೊರಡುವುದು ಈಹಾ. ಹೌದು, ಗಾಂಧಾರವೇ ಎಂಬ ನಿರ್ಣಯ ಅವಾಯ. ಅದನ್ನು ಮರೆಯದೆ ಉಳಿಸಿಕೊಂಡು ಮತ್ತೆ ಕೇಳಿದಾಗ ಗುರುತಿಸುವಂತೆ ಮಾಡುವುದು ಧಾರಣಾ.

ಅಸ್ಪಷ್ಟ ಗ್ರಹಣವಾದ ವ್ಯಂಜನಾವಗ್ರಹ ಕಣ್ಣು ಮತ್ತು ಮನಸ್ಸಿಗೆ ಇಲ್ಲ, ಕಿವಿಗೆ ಇದೆ. ಪೂಜ್ಯಪಾದರು ಇದಕ್ಕೆ ಹೊಸ ಮಣ್ಣಿನ ಬಟ್ಟಲಿನ ದೃಷ್ಟಾಂತ ಕೊಡುತ್ತಾರೆ. ಎರಡು ಮೂರು ಹನಿ ಬಿದ್ದರೆ ಬಟ್ಟಲು ತೇವವಾಗುವುದಿಲ್ಲ. ಮತ್ತೆಮತ್ತೆ ಹನಿಸಿದಾಗ ಮೆಲ್ಲನೆ ನೆನೆಯುತ್ತದೆ.

ಅಕಲಂಕದೇವರ ತತ್ತ್ವಾರ್ಥರಾಜವಾರ್ತಿಕದಲ್ಲಿ ಅವಗ್ರಹದ ಭೇದಗಳನ್ನು ಶ್ರೋತ್ರೇಂದ್ರಿಯಕ್ಕೆ ಅನ್ವಯಿಸಿ ತೋರಿಸಲಾಗಿದೆ. ಕ್ಷಯೋಪಶಮ ಹೆಚ್ಚಾಗಿದ್ದವನು ಒಂದೇ ಸಲಕ್ಕೆ ಹಲವು ವಾದ್ಯಗಳ ಧ್ವನಿಗಳನ್ನು ಬೇರೆಬೇರೆಯಾಗಿ ಗ್ರಹಿಸುತ್ತಾನೆ; ಕಡಿಮೆಯಿದ್ದವನಿಗೆ ಒಂದೋ ಎರಡೋ ಸಿಗುತ್ತದೆ. ವಾದಕನು ನುಡಿಸುವ ಮೊದಲೇ, ತಂತಿಯನ್ನು ಸರಿಪಡಿಸುವ ರೀತಿಯಿಂದಲೇ ಯಾವ ಸ್ವರ ಬರಲಿದೆ ಎಂದು ತಿಳಿಯುವವನ ಉದಾಹರಣೆಯೂ ಅಲ್ಲಿದೆ. ಎಲ್ಲರ ಕೇಳುವಿಕೆ ಒಂದೇ ಸಮ ಇರುವುದಿಲ್ಲ ಎಂಬುದನ್ನು ಆಚಾರ್ಯರು ಸಂಗೀತದಿಂದಲೇ ತೋರಿಸಿದ್ದಾರೆ.

ಹಾಡುವವರ ಕಂಠದಲ್ಲಿ ಶ್ರುತಿ

ಕಲಾವಿದರು ವೇದಿಕೆಯ ಮೇಲೆ ಹಾಡುವಾಗ, ನುಡಿಸುವಾಗ 22 ನಿಗದಿತ ಸ್ಥಾನಗಳನ್ನೇ ಬಳಸುತ್ತಾರೆಯೇ? ಜೈರಾಜಭಾಯ್ ಮತ್ತು ಸ್ಟೋನ್ 1963ರಲ್ಲಿ, ಮಾರ್ಕ್ ಲೆವಿ 1982ರಲ್ಲಿ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಅಳೆದು ಪ್ರಕಟಿಸಿದರು. ಒಂದೇ ರಾಗದ ಒಂದೇ ಸ್ವರ ಕಲಾವಿದರಿಂದ ಕಲಾವಿದರಿಗೆ, ಒಬ್ಬರ ಒಂದೇ ಕಛೇರಿಯಲ್ಲೂ ಬದಲಾಗುತ್ತದೆ ಎಂಬುದು ಈ ಅಳತೆಗಳಿಂದ ಕಂಡುಬಂತು.

ಇದರಿಂದ ಸೂಕ್ಷ್ಮ ಸ್ವರಗಳೇ ಸುಳ್ಳು ಎಂದಾಗುವುದಿಲ್ಲ. ವರಾಳಿಯ ಮಧ್ಯಮ ಸಾಮಾನ್ಯ ಪ್ರತಿಮಧ್ಯಮಕ್ಕಿಂತ ಏರಿದೆ. ದರ್ಬಾರಿ ಕಾನಡಾದ ಗಾಂಧಾರ ಕೆಳಗೆ ತೂಗಾಡುತ್ತದೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲದೆ ಕಂಪಿಸುತ್ತದೆ. ಬಲ್ಲ ಕೇಳುಗರು ಇವನ್ನು ಕೂಡಲೇ ಗುರುತಿಸುತ್ತಾರೆ. ಆದರೆ ಅವರು ಗುರುತಿಸುವುದು ಒಂದು ಬಿಂದುವನ್ನಲ್ಲ. ಸ್ವರ ಎಲ್ಲಿಂದ ಹೊರಟು, ಹೇಗೆ ಅಲುಗಿ, ಎಲ್ಲಿ ತಂಗುತ್ತದೆ ಎಂಬ ನಡೆಯನ್ನು. 22 ಎಂಬ ಎಣಿಕೆ ಸಂವಾದದ ಚೌಕಟ್ಟು. ರಾಗ ಅದರೊಳಗೆ ನಡೆಯುವ ನಡಿಗೆ.

ಹಾರ್ಮೋನಿಯಂ ಬಗೆಗಿನ ವಾದವೂ ಇದನ್ನೇ ಕುರಿತದ್ದು. ಗಮಕ, ಮೀಂಡ್ ನುಡಿಸಲಾಗದು, ಸ್ವರಗಳು ಸಮಭಾಗದವು ಎಂಬ ಆಕ್ಷೇಪಗಳಿಂದ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1971ರಲ್ಲಿ ನಿಷೇಧ ಸಡಿಲವಾಯಿತು. ಸಾಮೂಹಿಕ ಭಜನೆಗೆ ಹಾರ್ಮೋನಿಯಂ ಅನುಕೂಲದ ವಾದ್ಯ. ಕಿವಿ ತಿದ್ದಿಕೊಳ್ಳುವುದಕ್ಕೆ ಮಾತ್ರ ತಂಬೂರಿಯ ನಾದವೇ ಮೇಲು.

ಮಕ್ಕಳ ಶ್ರುತಿಜ್ಞಾನ

ಮಗು ಸ್ವರ ತಪ್ಪಿದರೆ ಕಿವಿಯೇ ಸರಿಯಿಲ್ಲ ಎಂದು ತಿಳಿಯುವುದು ಸರಿಯಲ್ಲ. ಫೋರ್ಡ್ರೆಶರ್ ಮತ್ತು ಬ್ರೌನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವರ ತಪ್ಪಿ ಹಾಡುವವರಿಗೂ ಸ್ವರಗಳ ವ್ಯತ್ಯಾಸ ಉಳಿದವರಂತೆಯೇ ಕೇಳಿಸುತ್ತಿತ್ತು. ಕೇಳಿದ್ದನ್ನು ಕಂಠಕ್ಕೆ ತರುವಲ್ಲಿ ಅವರು ತಪ್ಪುತ್ತಿದ್ದರು. ಅರ್ಧಸ್ವರದಷ್ಟು ದೊಡ್ಡ ಅಂತರವೂ ತಿಳಿಯದ ಹುಟ್ಟು ತೊಂದರೆ ಇದೆ; ಅದಕ್ಕೆ ಅಮ್ಯೂಸಿಯಾ ಎಂದು ಹೆಸರು. ಆದರೆ ಅದು ಕೆಲವರಿಗಷ್ಟೇ ಇರುವಂಥದ್ದು.

ಕಿವಿಯ ಸೂಕ್ಷ್ಮತೆ ಅಭ್ಯಾಸದಿಂದ ಬೆಳೆಯುತ್ತದೆ ಎಂಬುದಕ್ಕೆ ಪುರಾವೆ ಇದೆ. ಮಿಶೆಲ್ ಮತ್ತು ಸಂಗಡಿಗರ 2006ರ ಅಧ್ಯಯನದಲ್ಲಿ, ಸಂಗೀತ ಕಲಿಯದವರಿಗೆ ನಾದಗಳ ವ್ಯತ್ಯಾಸ ತಿಳಿಯಲು ಸಂಗೀತಗಾರರಿಗೆ ಬೇಕಾದದ್ದಕ್ಕಿಂತ ಆರು ಪಟ್ಟಿಗೂ ಹೆಚ್ಚು ಅಂತರ ಬೇಕಾಯಿತು. ಆದರೆ 4ರಿಂದ 8 ಗಂಟೆಗಳ ತರಬೇತಿಯ ನಂತರ ಅವರೂ ಸಂಗೀತಗಾರರ ಮಟ್ಟ ಮುಟ್ಟಿದರು. ಇದು ಎರಡು ನಾದಗಳನ್ನು ಹೋಲಿಸುವ ಶಕ್ತಿ ಮಾತ್ರ. ರಾಗಜ್ಞಾನಕ್ಕೆ ವರ್ಷಗಳೇ ಬೇಕು. ಆದರೂ ಮೊದಲ ಮೆಟ್ಟಿಲು ಯಾರಿಗೂ ದೂರವಿಲ್ಲ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಸರಳವಾಗಿದೆ. ತಂಬೂರಿ ಅಥವಾ ಶ್ರುತಿಪೆಟ್ಟಿಗೆಯನ್ನು ಮಗುವಿನ ಕಂಠಕ್ಕೆ ಒಪ್ಪುವ ಮನೆಗೆ ಇಟ್ಟು, ಮೊದಲು ಕೆಲವು ನಿಮಿಷ ಸುಮ್ಮನೆ ಕೇಳಿಸಬೇಕು. ನಂತರ ಷಡ್ಜವನ್ನು ಮೆಲ್ಲಗೆ, ಉದ್ದವಾಗಿ ಹಿಡಿಸಬೇಕು. ದನಿ ತಂಬೂರಿಯೊಂದಿಗೆ ಅಲುಗುತ್ತಿದೆಯೋ ಕೂಡಿದೆಯೋ ಎಂಬುದನ್ನು ಮಗುವೇ ಹೇಳಲಿ. ಷಡ್ಜ ನಿಂತ ಮೇಲೆ ಪಂಚಮ, ಆಮೇಲೆ ಮೇಲಿನ ಷಡ್ಜ, ಕೊನೆಗೆ ಗಾಂಧಾರ. ಗಟ್ಟಿಯಾಗಿ ಹಾಡಿಸಬಾರದು, ತನ್ನ ದನಿಯೇ ಜೋರಾದರೆ ತಂಬೂರಿ ಕೇಳುವುದಿಲ್ಲ.

ಕಿವಿಯನ್ನು ಕಾಪಾಡುವುದೂ ಇದರ ಭಾಗ. ವಾರಕ್ಕೆ 40 ಗಂಟೆ ಕೇಳುವುದಾದರೆ ಶಬ್ದದ ಮಟ್ಟ 80 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಇಯರ್‌ಫೋನ್ ಹಾಕಿಕೊಂಡು ದೊಡ್ಡ ದನಿಯಲ್ಲಿ ಗಂಟೆಗಟ್ಟಲೆ ಕೇಳುವ ಮಕ್ಕಳಿಗೂ, ಮೆರವಣಿಗೆಯ ಧ್ವನಿವರ್ಧಕದ ಪಕ್ಕದಲ್ಲೇ ನಿಲ್ಲುವವರಿಗೂ ಇದು ಅನ್ವಯಿಸುತ್ತದೆ. ವಯಸ್ಸಾದಂತೆ ಮೊದಲು ಮಂಕಾಗುವುದು ತಾರ ನಾದಗಳ ಕೇಳುವಿಕೆ.

ಸಾರಾಂಶ

22 ಶ್ರುತಿಗಳು ಕಿವಿಯ ಕಟ್ಟಕಡೆಯ ಮಿತಿಯಲ್ಲ. ಕಿವಿ ಅದಕ್ಕಿಂತ ಸೂಕ್ಷ್ಮವಾಗಿ ಕೇಳುತ್ತದೆ. ಅವು ದಿನವೂ ಹಾಡುವ ಸ್ವರಗಳ ಪಟ್ಟಿಯೂ ಅಲ್ಲ. ಹಾಡಿಗೆ ಹನ್ನೆರಡು ಸ್ಥಾನಗಳು ಮತ್ತು ಗಮಕ ಸಾಕು. ಸ್ವರಕ್ಕೆ ಸ್ವರ ಕೂಡುವಂತೆ ಹುಡುಕಿದಾಗ ಸಿಕ್ಕ ಅಂತರಗಳು ಅವು. ಅವನ್ನು ಕೇಳಲು ಬೇಕಾದದ್ದು ಸರಿಯಾಗಿ ಕೂಡಿಸಿದ ತಂಬೂರಿ, ಅವಸರವಿಲ್ಲದ ಅಭ್ಯಾಸ ಮತ್ತು ಕಾಪಾಡಿಕೊಂಡ ಕಿವಿ. ಮೊದಲ ಎರಡು ಮೂರು ಹನಿಗೆ ಬಟ್ಟಲು ನೆನೆಯಲಿಲ್ಲವೆಂದು ಅದನ್ನು ಎತ್ತಿಡಬೇಕಾಗಿಲ್ಲ.